ಆಯ ತಪ್ಪಿಸುವ ವಿದ್ಯೆ

ಯಾರಾದರೂ ಎಡವಿ ಬಿದ್ದರೆ ನಾವು ‘ಆಯ ತಪ್ಪಿ ಬಿದ್ದ’ ಅನ್ನುತ್ತೇವೆ. ‘ಜೋಲಿ ತಪ್ಪಿತು’ ಅನ್ನುವುದೂ ಉಂಟು. ಬಲ ಸಾಲದೆ ಬಿದ್ದ ಎಂದು ಯಾರೂ ಹೇಳುವುದಿಲ್ಲ. ಆಯ ಎಂದರೆ ಅಳತೆ, ಹದ; ಮೈಯ ತೂಕ ಎರಡು ಪಾದಗಳ ನಡುವೆ ಕೂರಬೇಕಾದಲ್ಲಿ ಕೂತಿರುವ ಸ್ಥಿತಿ. ಅದು ಒಂದು ಗೇಣು ಅತ್ತಿತ್ತ ಸರಿದರೆ ಸಾಕು, ಎಂಥ ಜಟ್ಟಿಯಾದರೂ ನೆಲ ಕಚ್ಚುತ್ತಾನೆ. ಜಪಾನಿನ ಜೂಡೋ ತನ್ನ ಎಸೆತಗಳನ್ನೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ಕಟ್ಟಿಕೊಂಡಿದೆ. ಅಲ್ಲಿ ಅದಕ್ಕೆ ‘ಕುಜುಶಿ’ ಎಂದು ಹೆಸರು. ನಮ್ಮಲ್ಲಿ ಮಾತು ಉಳಿದಿದೆ, ಮಾತಿನ ಹಿಂದಿದ್ದ ವಿದ್ಯೆ ಮಸುಕಾಗಿದೆ. ಕುಸ್ತಿಯ ಚರಿತ್ರೆ ಹೇಳುವವರು ತೋಳಿನ ಸುತ್ತಳತೆ ಹೇಳುತ್ತಾರೆ, ಮೀಸೆ ಹೇಳುತ್ತಾರೆ, ಕುಡಿದ ಹಾಲು, ತಿಂದ ಬಾದಾಮಿ, ಗೆದ್ದ ಬೆಳ್ಳಿ ಗದೆಯ ಲೆಕ್ಕ ಕೊಡುತ್ತಾರೆ. ಪೈಲ್ವಾನ ಕಾಲು ಎಲ್ಲಿಟ್ಟ ಎಂದು ಹೇಳುವವರು ಕಡಿಮೆ. ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಕಣ್ಣಮುಂದಿಟ್ಟುಕೊಂಡು ನೋಡಿದರೆ ಈ ಚರಿತ್ರೆಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು ಅನ್ನಿಸುತ್ತದೆ. ಇಲ್ಲಿಯ ಮಲ್ಲವಿದ್ಯೆ ಮೊದಲು ಪಾದದ ವಿದ್ಯೆ, ಆಮೇಲೆ ತೋಳಿನದು. ಆ ಪಾದವನ್ನು ತಿದ್ದಿದ್ದು ಈ ಸೀಮೆಯ ನೆಲ. ಇದು ನನ್ನ ವಾದ.

ಕಾಲಿನ ಕಡೆಯಿಂದ ನೋಡುವುದು ಹೇಗೆ ಎಂಬುದನ್ನು ಜೂಡೋದಿಂದಲೇ ಕಲಿಯುವುದು ಸುಲಭ, ಏಕೆಂದರೆ ಅವರು ಅದನ್ನು ಬಿಡಿಸಿ ಬರೆದಿಟ್ಟಿದ್ದಾರೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದ ಐಶೋಜಿ ದೇವಾಲಯದಲ್ಲಿ, ಹನ್ನೆರಡು ಚಾಪೆ ಹಾಸುವಷ್ಟು ಜಾಗದಲ್ಲಿ, ಕೊಡೊಕಾನ್ ಶಾಲೆ ಶುರುಮಾಡಿದ. ಹಳೆಯ ಜುಜುತ್ಸು ಪಂಗಡಗಳಿಂದ ಕಲಿತದ್ದನ್ನು ಸೋಸಿ, ಪ್ರತಿ ಎಸೆತವನ್ನೂ ಮೂರು ಹಂತ ಮಾಡಿದ: ಮೊದಲು ಎದುರಾಳಿಯ ಆಯ ತಪ್ಪಿಸು, ಆಮೇಲೆ ನಿನ್ನ ಮೈಯನ್ನು ಅಣಿಗೊಳಿಸು, ಕೊನೆಗೆ ಕೆಡವು. ಆಯ ತಪ್ಪಿಸಲು ಎಂಟು ದಿಕ್ಕು. ಇದನ್ನು ನಮ್ಮ ಮೂರು ಕಲ್ಲಿನ ಒಲೆಯಿಂದ ವಿವರಿಸಬಹುದು. ಮೂರು ಕಲ್ಲಿದ್ದರೆ ಮಡಕೆ ಅಲುಗದು. ಎರಡೇ ಕಲ್ಲಿದ್ದರೆ ಮೂರನೆಯ ಕಲ್ಲು ಇರಬೇಕಾಗಿದ್ದ ಕಡೆಗೆ ಉರುಳುತ್ತದೆ. ಮನುಷ್ಯನಿಗೆ ಇರುವುದು ಎರಡು ಕಾಲು. ಎರಡು ಪಾದಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಅವನು ಗಟ್ಟಿ, ಆ ಗೆರೆಗೆ ಅಡ್ಡಲಾಗಿ ಅವನು ಸಡಿಲ. ಒಳ್ಳೆಯ ಎಸೆತಗಳೆಲ್ಲ ಇಲ್ಲದ ಆ ಮೂರನೆಯ ಕಲ್ಲಿನ ಜಾಗವನ್ನು ಹುಡುಕುತ್ತವೆ.

ಒಂದು ಎಸೆತವನ್ನು ಹತ್ತಿರದಿಂದ ನೋಡೋಣ. ‘ದೆ-ಆಶಿ-ಬರಾಯಿ’ ಅಂದರೆ ಮುಂದೆ ಬಂದ ಕಾಲನ್ನು ಗುಡಿಸಿಹಾಕುವುದು. ಎದುರಾಳಿ ಬಲಗಾಲು ಮುಂದಿಡುತ್ತಾನೆ. ಪಾದ ಚಾಪೆ ಮುಟ್ಟಿದೆ, ತೂಕ ಇನ್ನೂ ಪೂರ್ತಿ ಅದರ ಮೇಲೆ ಇಳಿದಿಲ್ಲ. ಆ ಕ್ಷಣದಲ್ಲಿ ಅಂಗಾಲನ್ನು ಒಳಮುಖ ಮಾಡಿ, ಕಿರುಬೆರಳಿನ ಅಂಚು ಚಾಪೆಗೆ ಸವರುವಂತೆ ತಂದು, ಅವನ ಕಾಲ್ಗಂಟಿನ ಕೆಳಗೆ ಹೊರಗಡೆಯಿಂದ ಒತ್ತಿ ಸರಿಸಬೇಕು. ಕಣ್ಣೆವೆ ಬಡಿಯುವಷ್ಟು ಮುಂಚೆ ಆದರೆ ಅವನು ಕಾಲು ಹಿಂದಕ್ಕೆಳೆಯುತ್ತಾನೆ. ಅಷ್ಟೇ ತಡವಾದರೆ ತೂಕ ಇಳಿದು ಕಾಲು ಕಂಬವಾಗಿರುತ್ತದೆ, ಒದ್ದವನ ಕಾಲೇ ನೋಯುತ್ತದೆ. ‘ಒಸೊತೊ-ಗಾರಿ’ಯಲ್ಲಿ ಇದರ ತಿರುವು: ಅಲ್ಲಿ ತೂಕ ಇಳಿದ ಕಾಲನ್ನೇ ಕೊಯ್ಯಬೇಕು. ಎಡಗಾಲನ್ನು ಎದುರಾಳಿಯ ಬಲಪಾದದ ಪಕ್ಕಕ್ಕೆ ಇಟ್ಟು, ಅವನನ್ನು ಹಿಂದಿನ ಬಲಮೂಲೆಗೆ ಬಾಗಿಸಿ, ತೂಕವೆಲ್ಲ ಅವನ ಬಲ ಹಿಮ್ಮಡಿಗೆ ಬಂದಾಗ ಬಲಗಾಲಿನಿಂದ ಆ ಕಾಲನ್ನು ಕುಡುಗೋಲು ಬೀಸಿದಂತೆ ತೆಗೆಯಬೇಕು. ಊರಿದ ಎಡಗಾಲು ನಾಲ್ಕು ಬೆರಳು ಹಿಂದೆ ಉಳಿದರೆ ಬೀಳುವವನು ಎಸೆಯುವವನೇ. ಎರಡರಲ್ಲೂ ತೋಳಿನ ಕೆಲಸ ದಿಕ್ಕು ತೋರಿಸುವುದಷ್ಟೇ. ತೀರ್ಪು ಆಗುವುದು ಪಾದ ಮತ್ತು ನೆಲದ ನಡುವೆ.

ಇಂಥ ಲೆಕ್ಕ ನಮ್ಮಲ್ಲಿ ಬರಹಕ್ಕೆ ಬಂದೇ ಇರಲಿಲ್ಲ ಎಂದು ತಿಳಿಯುವುದು ತಪ್ಪು. ಭರತನ ನಾಟ್ಯಶಾಸ್ತ್ರ ನಿಲುವುಗಳನ್ನು ಪಾದಗಳ ನಡುವಿನ ಅಂತರದಿಂದಲೇ ಗುರುತಿಸುತ್ತದೆ. ಸಮಪಾದದಲ್ಲಿ ಒಂದು ತಾಳ, ವೈಷ್ಣವದಲ್ಲಿ ಎರಡೂವರೆ, ಮಂಡಲದಲ್ಲಿ ನಾಲ್ಕು, ಆಲೀಢದಲ್ಲಿ ಐದು. ತಾಳ ಎಂದರೆ ಹೆಬ್ಬೆರಳಿನಿಂದ ನಡುಬೆರಳಿನ ತುದಿಗೆ ಚಾಚಿದ ಗೇಣು. ವೀರ, ರೌದ್ರಗಳ ಜೊತೆಗೆ ಮಲ್ಲರು ಕೈಕೈ ಮಿಲಾಯಿಸುವುದನ್ನೂ ಅದು ಆಲೀಢಕ್ಕೇ ಸೇರಿಸುತ್ತದೆ. ಈಗ ನಮ್ಮ ಸೀಮೆಗೆ ಬನ್ನಿ. ಇದು ಹಳೆಯ ನೊಳಂಬವಾಡಿ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಶಿರಾ-ಪಾವಗಡದ ಗಡಿಯಾಚೆಯೇ ಇದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ಆಮೇಲೆ ಅಲ್ಲಿಯ ಚೋಳ ಅರಸರ ದುರ್ಗವಾಯಿತು. ಈ ನಾಡಿನ ತುಂಬ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದುವ ವೀರ ಒಂದು ಮಂಡಿ ಮಡಿಸಿ, ಇನ್ನೊಂದು ಕಾಲು ಉದ್ದಕ್ಕೆ ಚಾಚಿ ನಿಂತಿರುತ್ತಾನೆ. ತೂಕ ಮಡಿಸಿದ ಮಂಡಿಯ ಕಡೆಗೆ ವಾಲಿರುತ್ತದೆ. ಇದು ಶಿಲ್ಪಿಯ ರೂಢಿ, ಯುದ್ಧದ ವರದಿಯಲ್ಲ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಆದರೆ ಆ ಕಲ್ಲನ್ನು ನಿಲ್ಲಿಸಿ ಪೂಜಿಸಿದವರು ಸ್ವತಃ ಹೊಡೆದಾಡಿ ಬಲ್ಲ ಜನ. ಸತ್ತ ತಮ್ಮವನನ್ನು ಆಯವಿಲ್ಲದ ನಿಲುವಿನಲ್ಲಿ ಕೆತ್ತಿದ್ದರೆ ಅವರು ಸುಮ್ಮನೆ ಒಪ್ಪುತ್ತಿರಲಿಲ್ಲ. ರೂಢಿ ಆಗುವುದೂ ನೋಡುವವರ ಕಣ್ಣಿಗೆ ಅದು ಸರಿ ಕಂಡಾಗಲೇ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅದು ಮಲ್ಲರನ್ನು ದರ್ಜೆಯಾಗಿ ವಿಂಗಡಿಸುತ್ತದೆ, ಅವರ ಸಾಧನೆಗಳನ್ನು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ ಎಂಬಂತೆ ಹೆಸರಿಟ್ಟು ಹೇಳುತ್ತದೆ. ಭ್ರಮಣ ಎಂದರೆ ನಡಿಗೆ. ಭಾರ ಎತ್ತುವುದರ ಜೊತೆಗೆ ನಡೆಯುವುದನ್ನೂ ಒಂದು ಶ್ರಮವೆಂದು ಎಣಿಸಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಇದಕ್ಕೆ ಎದುರಾಗಿ ವಿಜಯನಗರದ ಸಾಕ್ಷ್ಯವನ್ನು ಮುಂದಿಡಬಹುದು. ಕೃಷ್ಣದೇವರಾಯ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ತೋಳಲ್ಲಿ ಭಾರ ಎತ್ತಿ, ಕತ್ತಿ ಬೀಸಿ, ಆಮೇಲೆ ತನ್ನ ಮಲ್ಲರಲ್ಲೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ ಎಂದು ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಬರೆದಿದ್ದಾನೆ. ಅಲ್ಲಿ ತೋಳಿನ ಮಾತಿದೆ, ಕಾಲಿನ ಮಾತಿಲ್ಲ. ನಿಜ. ಆದರೆ ಪಾಯಸ್ ಹೊರಗಿನಿಂದ ಬಂದ ನೋಡುಗ. ಕುಸ್ತಿ ಆಡದವನ ಕಣ್ಣು ಹಿಡಿತಕ್ಕೆ ಹೋಗುತ್ತದೆ, ತೋಳಿಗೆ ಹೋಗುತ್ತದೆ. ಕಾಲು ಎಷ್ಟು ಚೆನ್ನಾಗಿ ಕೆಲಸ ಮಾಡಿದರೆ ಅಷ್ಟು ಕಾಣದೆ ಹೋಗುತ್ತದೆ. ಕುಸ್ತಿಯ ಬರಹವೆಲ್ಲ ತೋಳಿನ ಬರಹವಾಗಿದ್ದಕ್ಕೆ ಕಾರಣ ಇದೇ ಎಂದು ನನ್ನ ಎಣಿಕೆ. ಬರೆದವರು ದಡದಲ್ಲಿ ಕೂತವರು.

ಬರಹದ ಹೊರಗೆ ಇರುವ ದೊಡ್ಡ ಸಾಕ್ಷಿ ನೆಲ. ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ರಾಜಾ ಹಿರೇಗೌಡ ಕಟ್ಟಿಸಿದ ಕೋಟೆ 1678ರಲ್ಲಿ ಚಿಕ್ಕದೇವರಾಜ ಒಡೆಯರ ವಶವಾಯಿತು, ಹೈದರಾಲಿ ಅದನ್ನು ಬಲಪಡಿಸಿದ. ಬಿದನೂರಿನ ರಾಣಿ ವೀರಮ್ಮಾಜಿಯನ್ನು ಅವನು ಸೆರೆಯಿಟ್ಟಿದ್ದು ಇಲ್ಲೇ, 1767ರಲ್ಲಿ ಮರಾಠರು ಬಿಡಿಸುವವರೆಗೆ. ಮೇಲೆ ಹೋಗುವ ದಾರಿಯಲ್ಲಿ ಕೆಲವೆಡೆ ಮೆಟ್ಟಿಲಿಲ್ಲ. ಇಳಿಜಾರು ಬಂಡೆಯ ಮೇಲೆ ಉಳಿಯಿಂದ ಕಡೆದ ತೆಳು ಗುಳಿಗಳಷ್ಟೇ. ಅಲ್ಲಿ ಹತ್ತುವವನಿಗೆ ಭಯವಾದರೆ ಮೈ ತಾನಾಗಿ ಬಂಡೆಯ ಕಡೆ ಬಾಗುತ್ತದೆ. ಬಾಗಿದೊಡನೆ ತೂಕ ಪಾದದ ನೇರದಿಂದ ತಪ್ಪಿ, ಪಾದ ಬಂಡೆಯನ್ನು ಒತ್ತುವ ಬದಲು ಹಿಂದಕ್ಕೆ ತಳ್ಳತೊಡಗುತ್ತದೆ, ಜಾರುತ್ತದೆ. ನೆಟ್ಟಗೆ ನಿಂತು, ಇಡೀ ಅಂಗಾಲನ್ನು ಬಂಡೆಗೆ ಕೊಟ್ಟು, ಮಂಡಿ ಸಡಿಲ ಬಿಟ್ಟು, ಒಂದು ಕಾಲು ಪೂರ್ತಿ ಊರಿದ ಮೇಲೆ ಇನ್ನೊಂದನ್ನು ಎತ್ತಿದವನಿಗೆ ಬಂಡೆ ಹಿಡಿತ ಕೊಡುತ್ತದೆ. ಚನ್ನರಾಯನದುರ್ಗ, ನಿಡುಗಲ್ಲು, ಪಾವಗಡದ ಬೆಟ್ಟಗಳಲ್ಲೂ ಇದೇ ಪಾಠ. ಪಾಳೆಯಗಾರರ ಕಾಲದಿಂದ ಇಂಥ ದುರ್ಗಗಳಿಗೆ ದವಸ, ನೀರು, ಮದ್ದು ಹೊತ್ತು ಹತ್ತಿಳಿದ ಕಾಲಾಳುಗಳು ಈ ಊರುಗಳ ಒಕ್ಕಲು ಮಕ್ಕಳು. ಮಧುಗಿರಿಯ ದೇವತೆಯ ಹೆಸರಲ್ಲೇ ದಂಡು ಇದೆ, ದಂಡಿನ ಮಾರಮ್ಮ.

ಬೇಸಾಯವೂ ಅದೇ ಪಾಠ ಹೇಳುತ್ತಿತ್ತು. ಈ ನಾಲ್ಕು ತಾಲ್ಲೂಕು ತಲಪರಿಗೆಗಳಿಗೆ ಹೆಸರಾದವು. ಮರಳು ನೆಲದಡಿಯ ಒರತೆಯನ್ನು ಕಾಲುವೆಯಿಂದಲೋ ಕಪಿಲೆ ಬಾವಿಯಿಂದಲೋ ಹೊಲಕ್ಕೆ ತಂದ ನಾಡು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಇಳಿಯುವಾಗ ಹೊಡೆಯುವವನು ಮಿಣಿಯ ಮೇಲೆ ಕೂತು ತನ್ನ ತೂಕವನ್ನೂ ಕೊಡುತ್ತಿದ್ದ, ತುದಿಗೆ ಬಂದೊಡನೆ ಇಳಿದು ಎತ್ತುಗಳನ್ನು ಹಿಂದಕ್ಕೆ ನಡೆಸುತ್ತಿದ್ದ. ಹಳೆ ಮೈಸೂರಿನ ಬಯಲಿನ ಯಾತ ಇನ್ನೂ ಸೂಕ್ಷ್ಮ. ಕಂಬದ ಮೇಲೆ ತೂಗುವ ಉದ್ದನೆಯ ಮರದ ಮೇಲೆ ಒಬ್ಬ ನಡೆಯಬೇಕು: ಬಾವಿಯ ಕಡೆ ನಾಲ್ಕು ಹೆಜ್ಜೆ ಹೋದರೆ ಕೊಡ ಮುಳುಗುತ್ತದೆ, ಹಿಂದಕ್ಕೆ ನಾಲ್ಕು ಹೆಜ್ಜೆ ಬಂದರೆ ತುಂಬಿದ ಕೊಡ ಏಳುತ್ತದೆ. ಎತ್ತುವುದು ತೋಳಲ್ಲ, ಸರಿದಾಡುವ ತೂಕ. ನಡುವಿನ ಆ ಒಂದು ಜಾಗ ದಾಟುವಾಗ ಮರ ಯಾವ ಕಡೆ ಬಾಗುತ್ತದೆ ಎಂಬುದು ಅಂಗಾಲಿಗೆ ಗೊತ್ತಾಗಬೇಕು. ದಿನವೆಲ್ಲ ಹೀಗೆ ತುಳಿದವನಿಗೆ ಕಾನೊ ಹೇಳಿದ್ದನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಬೆಟ್ಟ ಹತ್ತಿದವರೆಲ್ಲ ಪೈಲ್ವಾನರಾದರೇ ಎಂಬ ಪ್ರಶ್ನೆ ಸಹಜ. ಇಲ್ಲ, ಆಗಲಿಲ್ಲ. ನೆಲ ಕೊಟ್ಟದ್ದು ಕಾಲನ್ನು. ಆ ಕಾಲಿಗೆ ವರಸೆ ಕೊಟ್ಟದ್ದು ಗರಡಿ. ಸುಗ್ಗಿ ಮುಗಿದು ಹೊಲ ಬಿಡುವಾದಾಗ ಜಾತ್ರೆ, ಜಾತ್ರೆಯಲ್ಲಿ ಕುಸ್ತಿ. ರಾಗಿ ತುಳಿಸುವ ಜಾಗಕ್ಕೂ ಮಲ್ಲರು ಸೆಣಸುವ ಜಾಗಕ್ಕೂ ಕನ್ನಡ ಇಟ್ಟದ್ದು ಒಂದೇ ಹೆಸರು, ಕಣ.

ಹಾಗಾದರೆ ಶಿರಾ? ಅದು ಬೆಟ್ಟದ ಊರಲ್ಲ, ಬಯಲಿನ ಕೋಟೆ. 1687ರಲ್ಲಿ ಮೊಗಲರ ಕೈಸೇರಿ, ಅವರ ದಕ್ಷಿಣದ ಸುಬಾದ ಕೇಂದ್ರವಾಗಿ ಹಲವು ದಶಕ ಮೆರೆಯಿತು. 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿದೆ. 1761ರಲ್ಲಿ ಹೈದರಾಲಿಗೆ ಸೇರಿತು, ಮುಂದೆ ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದ ಎಂದು ಗೆಜೆಟಿಯರುಗಳು ಹೇಳುತ್ತವೆ. ಇಲ್ಲಿಂದ ಒಂದು ಗಟ್ಟಿ ಆಕ್ಷೇಪ ಏಳುತ್ತದೆ: ಕುಸ್ತಿ, ಪೈಲ್ವಾನ್, ಉಸ್ತಾದ್ ಮೂರೂ ಪಾರಸಿ ಮಾತು; ವಿದ್ಯೆಯೇ ಆ ದಾರಿಯಲ್ಲಿ ಬಂದದ್ದಲ್ಲವೇ? ಬಂದದ್ದು ಬಹಳ ಇದೆ, ಅದನ್ನು ಮರೆಮಾಚುವುದು ಬೇಡ. ಆದರೆ ಪದಗಳನ್ನು ಎರಡು ಗುಂಪು ಮಾಡಿ ನೋಡಿ. ಆಟದ ಹೆಸರು, ಆಡುವವನ ಬಿರುದು, ಕಲಿಸುವವನ ಪದವಿ ಪಾರಸಿಯಿಂದ ಬಂದವು. ಮೈ ಮಾಡುವ ಕೆಲಸದ ಮಾತುಗಳಲ್ಲಿ ಹಲವನ್ನು ನೋಡಿ: ಪಟ್ಟು, ಅಡ್ಡಗಾಲು, ಕಾಲು ಕೊಟ್ಟು ಕೆಡವು, ತೊಡೆ ತಟ್ಟು, ಮಂಡಿಯೂರು, ಆಯ, ಜೋಲಿ. ಇವೆಲ್ಲ ಕನ್ನಡ. ಜಟ್ಟಿ ಎಂಬುದು ಜ್ಯೇಷ್ಠಿಯ ತದ್ಭವ. ಆ ಹೆಸರು ಮಾನಸೋಲ್ಲಾಸದ ಜ್ಯೇಷ್ಠಿಕ ಮಲ್ಲನವರೆಗೆ ಹಿಂದಕ್ಕೆ ಹೋಗುತ್ತದೆ. ಹೊಸ ಒಡೆತನ ಬಂದಾಗ ಪದವಿಗಳ ಹೆಸರು ಬದಲಾಗುತ್ತವೆ, ಕಾಲಿಡುವ ಕೆಲಸದ ಹೆಸರು ಬದಲಾಗುವುದು ಅಪರೂಪ. ಉಸ್ತಾದರು ಶಿಷ್ಯನಿಗೆ ಅಡ್ಡಗಾಲು ಹಾಕುವುದನ್ನು ಕಲಿಸಿದರು. ಆ ಒಂದು ವಾಕ್ಯದಲ್ಲಿ ಶಿರಾದ ಇಡೀ ಚರಿತ್ರೆ ಇದೆ.

ಜೂಡೋ ಬಲ್ಲವರು ಬೇರೆ ಕಡೆಯಿಂದ ಆಕ್ಷೇಪಿಸಬಹುದು. ಅಲ್ಲಿ ದಪ್ಪ ಅಂಗಿಯಿದೆ, ಹಿಡಿಯಲು ತೋಳು, ಕೊರಳಪಟ್ಟಿ ಇದೆ; ಇಲ್ಲಿ ಲಂಗೋಟಿ, ಬೆವರಿದ ಬರಿಮೈ. ಅಲ್ಲಿ ಬೆನ್ನ ಮೇಲೆ ಜೋರಾಗಿ ಬಿದ್ದರೆ ಮುಗಿಯಿತು, ಇಲ್ಲಿ ಎರಡೂ ಹೆಗಲು ನೆಲ ಮುಟ್ಟಿ ಚಿತ್ ಆಗಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು? ಈ ವ್ಯತ್ಯಾಸವನ್ನು ನಾನು ತೇಲಿಸಿಬಿಡಲಾರೆ, ಏಕೆಂದರೆ ನನ್ನ ವಾದದ ತಿರುಳು ಅದರಲ್ಲೇ ಇದೆ. ಗರಡಿಯ ಮಟ್ಟಿ ನೋಡಿ: ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಎಣ್ಣೆ, ಅರಿಸಿನ, ಕುಂಕುಮ, ನಿಂಬೆರಸ ಬೆರೆಸಿ, ಗುದ್ದಲಿಯಿಂದ ಅಗೆದು ಸಡಿಲ ಮಾಡಿರುತ್ತಾರೆ. ಅದರ ಮೇಲೆ ನಿಂತರೆ ಪಾದ ಹೂತುಕೊಳ್ಳುತ್ತದೆ. ಜಪಾನಿನ ಚಾಪೆಯ ಮೇಲೆ ಪಾದವನ್ನು ಸವರುತ್ತಾ ಸರಿಸಬಹುದು, ಹಾಗಾಗಿ ಗುಡಿಸುವ ಪಟ್ಟು ಅಲ್ಲಿ ಅರಳಿತು. ಸಡಿಲ ಮಣ್ಣಿನಲ್ಲಿ ಪಾದವನ್ನು ಎತ್ತಿ ಊರಲೇಬೇಕು. ಗುಡಿಸಲು ಹೋದ ಕಾಲು ಮಣ್ಣನ್ನೇ ತಳ್ಳುತ್ತದೆ. ಅದಕ್ಕೇ ಕುಸ್ತಿಯಲ್ಲಿ ಬೆಳೆದದ್ದು ಅಡ್ಡಗಾಲು, ಕಾಲಿಗೆ ಕಾಲು ತೊಡರಿಸಿ ಸೊಂಟದ ಮೇಲೆ ತಿರುಗಿಸುವ ಟಾಂಗ್, ಧಾಕ್. ಕೆಳಗೆ ನುಗ್ಗಿ ಹೆಗಲ ಮೇಲೆ ಅಡ್ಡಲಾಗಿ ಎತ್ತುವ ಕಲಾಜಂಗ್. ಮಣ್ಣಿನಲ್ಲಿ ಹೂತ ಕಾಲನ್ನು ಕದಲಿಸುವುದಕ್ಕಿಂತ ಅಲ್ಲೇ ಕಟ್ಟಿಹಾಕಿ ಮೈಯನ್ನು ಅದರ ಮೇಲಿಂದ ದಾಟಿಸುವುದು ಸುಲಭ. ನೆಲ ಬೇರೆಯಾದ್ದರಿಂದ ಪಟ್ಟು ಬೇರೆಯಾಯಿತು. ಕೆಳಗಿರುವ ಲೆಕ್ಕ ಒಂದೇ. ಕಲಾಜಂಗಿನ ಜೂಡೋ ರೂಪ ‘ಕಾತಾ-ಗುರುಮಾ’. ತನಗಿಂತ ಭಾರಿ ಆಳಾಗಿದ್ದ ಜೊತೆಗಾರನನ್ನು ಕೆಡವಲು ಯುವಕ ಕಾನೊ ಸುಮೋ ಪಟ್ಟುಗಳನ್ನು ನೋಡಿ, ಪಾಶ್ಚಾತ್ಯ ಕುಸ್ತಿಯ ಪುಸ್ತಕ ತಿರುವಿ ಕಂಡುಕೊಂಡದ್ದು ಅದು. ಮೊನ್ನೆಮೊನ್ನೆ, 2010ರಲ್ಲಿ ಭಾಗಶಃ ಮತ್ತು 2013ರಲ್ಲಿ ಪೂರ್ತಿಯಾಗಿ, ಕೈಯಿಂದ ಕಾಲು ಹಿಡಿಯುವುದನ್ನು ಅಂತರರಾಷ್ಟ್ರೀಯ ಜೂಡೋ ನಿಷೇಧಿಸಿದ ಮೇಲೆ ಅವರ ನಿಲುವು ಇನ್ನಷ್ಟು ನೆಟ್ಟಗಾಯಿತು. ಕಾಲು ಹಿಡಿಯಲು ಬಿಡುವ ನಮ್ಮ ಕಣದಲ್ಲಿ ಮಂಡಿ ಬಾಗಿಯೇ ಇರಬೇಕು, ಪಾದಗಳು ಅಗಲವಾಗಿಯೇ ಇರಬೇಕು. ಆಲೀಢದ ಐದು ಗೇಣಿನ ಅಗಲಕ್ಕೆ ಇಲ್ಲಿ ಅರ್ಥವಿದೆ.

ಇನ್ನು ಎಲ್ಲಕ್ಕಿಂತ ಹಳೆಯ ಆಕ್ಷೇಪ: ಕೊನೆಗೆ ಗೆಲ್ಲುವುದು ಬಲವಂತನೇ ಅಲ್ಲವೇ? ಇದಕ್ಕೆ ಉತ್ತರವನ್ನು ಕುಸ್ತಿಯ ಪದ್ಧತಿಯೇ ಕೊಡುತ್ತದೆ. ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವುದು’ ಎಂಬ ಕ್ರಮ ಇಂದಿಗೂ ಇದೆ. ಬಲ್ಲ ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಅನುಭವ ನೋಡಿ ಸಮಜೋಡಿ ಮಾಡುತ್ತಾರೆ. ಬಲವೇ ತೀರ್ಪು ಕೊಡುವುದಾಗಿದ್ದರೆ ಸಮಬಲರನ್ನು ಹುಡುಕಿ ಜೋಡಿ ಮಾಡುವುದರಲ್ಲಿ ಅರ್ಥವಿಲ್ಲ. ಬಲವನ್ನು ಎರಡೂ ಕಡೆ ಸರಿದೂಗಿಸಿ ತೆಗೆದುಬಿಟ್ಟರೆ ಉಳಿಯುವುದೇನೋ ಅದನ್ನು ನೋಡಲು ಜನ ಸೇರುತ್ತಿದ್ದರು. ಉಳಿಯುವುದು ಆಯ. ಗರಡಿಯ ಸಾಧನೆಯಲ್ಲೂ ದಂಡೆಯಷ್ಟೇ ಬಸ್ಕಿಗೂ ಬೆಲೆ. ಬಸ್ಕಿ ಎಂದರೆ ಮಂಡಿ ಮಡಿಸಿ ಏಳುವುದು, ತೂಕವನ್ನು ಹಿಮ್ಮಡಿಯಿಂದ ಮುಂಗಾಲಿಗೆ, ಮುಂಗಾಲಿನಿಂದ ಹಿಮ್ಮಡಿಗೆ ದಾಟಿಸುತ್ತಾ ಆ ದಾರಿಯನ್ನು ಮೈಗೆ ಕಲಿಸುವುದು. ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ಸೋತವನ ಜಂಬಕ್ಕೆ ಹೇಳುವ ಮಾತಾದರೂ ಅದರೊಳಗೆ ಒಂದು ಒಪ್ಪಿಗೆಯಿದೆ. ಜಟ್ಟಿಯೂ ಬೀಳುತ್ತಾನೆ. ತೋಳಿದ್ದವನೂ ಬೀಳುತ್ತಾನೆ.

ಒಂದು ವಿದ್ಯೆ ಲೋಕವೆಲ್ಲ ಹರಡಿ ಇನ್ನೊಂದು ಗರಡಿಯೊಳಗೇ ಸೊರಗಿದ್ದು ಯಾವುದರಲ್ಲಿ ತಿಳಿವು ಹೆಚ್ಚಿತ್ತು ಎಂಬುದರಿಂದಲ್ಲ. ಕಾನೊ ಮಲ್ಲನಷ್ಟೇ ಅಲ್ಲ, ಮೇಷ್ಟ್ರು. ಟೋಕಿಯೋದ ಉನ್ನತ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥನಾಗಿ ದೀರ್ಘಕಾಲ ಇದ್ದ. ಎಸೆತಗಳಿಗೆ ಹೆಸರಿಟ್ಟ, 1895ರಲ್ಲಿ ಗೊಕ್ಯೊ ಎಂಬ ಐದು ವರ್ಗ ಮಾಡಿದ, 1920ರಲ್ಲಿ ತಿದ್ದಿದ. ಪಾದ ಎಲ್ಲಿ, ತೂಕ ಯಾವ ಬೆರಳಿಗೆ ಎಂಬುದನ್ನು ನೋಡಿ ಕಲಿಯುವಂಥ ಜೋಡಿ ವರಸೆಗಳಾಗಿ ಕಟ್ಟಿದ. 1911ರಲ್ಲಿ ಜೂಡೋ ಜಪಾನಿನ ಮಾಧ್ಯಮಿಕ ಶಾಲೆಗಳ ಪಾಠಕ್ಕೆ ಬಂತು. 1929ರಲ್ಲಿ ರವೀಂದ್ರನಾಥರು ಕರೆಸಿದ ಜೂಡೋ ಗುರು ತಕಗಾಕಿ ಶಾಂತಿನಿಕೇತನದಲ್ಲಿ ಅದನ್ನು ಕಲಿಸಿದ. 1964ರಲ್ಲಿ ಒಲಿಂಪಿಕ್ಸ್ ಸೇರಿತು. ಕರ್ನಾಟಕದಲ್ಲೂ ಅದು ಬೇರೂರಿದೆ. ಬೆಳಗಾವಿಯ ಜೂಡೋ ಪಟು ಮಲಪ್ರಭಾ ಜಾಧವ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಜೂಡೋದ ದಾಯಾದಿಯಾದ ಕುರಾಶ್‌ನಲ್ಲಿ ಕಂಚು ಗೆದ್ದರು. ಗರಡಿಯ ಪಾಠ ಮಾತ್ರ ಉಸ್ತಾದರ ಬಾಯಿ ಮತ್ತು ಶಿಷ್ಯನ ಕಾಲಿನ ನಡುವೆಯೇ ಉಳಿಯಿತು. ಯಾತ ಹೋಯಿತು, ಕಪಿಲೆ ಹೋಯಿತು, ಪಂಪ್‌ಸೆಟ್ ಬಂತು. ಕಾಲಿಗೆ ಪುಕ್ಕಟೆಯಾಗಿ ಸಿಗುತ್ತಿದ್ದ ತರಬೇತಿ ನಿಂತಿತು. ಇನ್ನು ಬರೆದಿಡದೆ ದಾರಿಯಿಲ್ಲ.

ಶಿಕ್ಷಣ ಇಲಾಖೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕನ್ನೂ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಮಾಡಿದೆ. ಆ ಜಿಲ್ಲೆಯ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಒಂದು ಕಾಲಕ್ಕೆ ಕಣಕ್ಕಿಳಿದಿದ್ದ ಅಜ್ಜಂದಿರು ಇನ್ನೂ ಇದ್ದರೆ, ಎಷ್ಟು ಗದೆ ಗೆದ್ದಿರಿ ಎಂದು ಆಮೇಲೆ ಕೇಳಿ. ಮೊದಲು ಅಂಗಳದಲ್ಲಿ ಒಬ್ಬ ಹುಡುಗನನ್ನು ಎದುರು ನಿಲ್ಲಿಸಿ, ಒಂದೊಂದು ಪಟ್ಟಿನಲ್ಲಿ ಎಡಗಾಲು ಎಲ್ಲಿ, ಬಲಗಾಲು ಎಲ್ಲಿ, ತೂಕ ಹಿಮ್ಮಡಿಗೋ ಮುಂಗಾಲಿಗೋ ಎಂದು ಅವರಿಂದ ತೋರಿಸಿಕೊಳ್ಳಿ. ಅವರು ಹೇಳುವ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ನೆಲದ ಮೇಲೆ ಸುಣ್ಣದಲ್ಲಿ ಪಾದದ ಗುರುತು ಹಾಕಿ, ಗೇಣಿನಿಂದ ಅಳೆದು, ಫೋಟೋ ತೆಗೆದಿಡಿ.